ನಾಲ್ಕು ಜನರ ಹೆಗಲು: ಮೈಸೂರಿನ ಒಂದು ಪ್ರಕರಣ

ಮೈಸೂರಿನ ಒಬ್ಬ ನರ್ಸ್ ದೇವರ ಮೇಲಿನ ಭರವಸೆ ಕಳೆದುಕೊಂಡು, ಮತ್ತೆ ನಿಧಾನವಾಗಿ ಅದರ ಕಡೆಗೆ ನಡೆದು ಬಂದ ಪ್ರಕರಣ ಇದು. ನಾನು ಆಕೆಯ ಧರ್ಮಕೇಂದ್ರದಲ್ಲೇ, ಅಂದರೆ ಅದೇ ಚರ್ಚಿನ ಸಮುದಾಯದಲ್ಲೇ ಇರುವವಳು. ಕಾಯಿಲೆಯವರ ಮನೆ, ಸಾವಾದವರ ಮನೆಗಳಿಗೆ ಹೋಗಿ ಬರುವ ಗುಂಪಿನಲ್ಲಿ ಕೆಲಸ ಮಾಡುತ್ತೇನೆ. ಆಕೆಯ ಹೆಸರು ಬೇಡ, ತಂಗಿ ಎಂದೇ ಕರೆಯುತ್ತೇನೆ. ಬರೆದದ್ದನ್ನೆಲ್ಲ ಆಕೆಗೆ ಓದಿ ಹೇಳಿದ್ದೇನೆ. ಗುರುತು ಸಿಗುವಂಥ ಕೆಲವು ವಿವರಗಳನ್ನು ಆಕೆಯೇ ತೆಗೆಸಿದಳು.

ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಯಾರಾದರೂ ಕುಸಿದು ಕೂತರೆ ನಾವು ಕ್ರೈಸ್ತರು ಮೊದಲು ಹೇಳುವ ಮಾತು, 'ಪ್ರಾರ್ಥನೆ ಮಾಡಿ, ಎಲ್ಲ ಸರಿಹೋಗುತ್ತೆ.' ತಂಗಿಗೆ ಆಗದೇ ಇದ್ದದ್ದು ಅದೊಂದೇ. ಪ್ರಾರ್ಥನೆ ಮಾಡಲು ಆಗದವರಿಗೆ ಪ್ರಾರ್ಥನೆಯನ್ನೇ ಔಷಧಿ ಎಂದು ಬರೆದುಕೊಟ್ಟರೆ ಏನಾಗುತ್ತೆ? ಆಕೆಗೆ ಆದದ್ದೇ ಆಗುತ್ತೆ.

ಹಿನ್ನೆಲೆ

ತಂಗಿಗೆ ಈಗ ನಲವತ್ತರ ಆಸುಪಾಸು. ತವರು ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿ. ಮದುವೆಯಾಗಿ ಬಂದದ್ದು ಮೈಸೂರಿಗೆ, ಬನ್ನಿಮಂಟಪದ ಕಡೆ ಬಾಡಿಗೆ ಮನೆ. ಗಂಡ ಬಸ್ ಕಂಡಕ್ಟರ್. ಒಬ್ಬಳು ಮಗಳು. ತಂದೆ ಬೇಗ ತೀರಿಹೋದರು. ಅಮ್ಮ ಕೂಲಿ ಮಾಡಿ ಮಗನನ್ನೂ ಮಗಳನ್ನೂ ಓದಿಸಿದರು. ತಂಗಿ ನರ್ಸಿಂಗ್ ಮುಗಿಸಿ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದಳು.

ಆ ಅಮ್ಮನ ಭಕ್ತಿ ಹಳ್ಳಿಯ ಭಕ್ತಿ. ಮಂಗಳವಾರ ಅಂದರೆ ಸಂತ ಅಂತೋಣಿಯವರ ದಿನ. ವರ್ಷಕ್ಕೊಮ್ಮೆ ಜೂನ್ 13ರ ಹಬ್ಬಕ್ಕೆ ಕೆ.ಆರ್. ನಗರದ ಕಡೆಯ ದೋರನಹಳ್ಳಿಯ ಅಂತೋಣಿಯವರ ದೇವಾಲಯಕ್ಕೆ ಹೋಗಲೇಬೇಕು. ಅಲ್ಲಿಯ ವಿಗ್ರಹ ಹೊಲ ಉಳುತ್ತಿದ್ದ ರೈತನಿಗೆ ಮಣ್ಣಿನಲ್ಲಿ ಸಿಕ್ಕದ್ದು ಎಂಬ ಕಥೆಯನ್ನು ಮಕ್ಕಳಿಗೆ ಹೇಳುತ್ತಲೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರಂತೆ. 2019ರಲ್ಲಿ ಆ ದೇವಾಲಯಕ್ಕೆ ಬಸಿಲಿಕದ ಪದವಿ, ಅಂದರೆ ಪೋಪರು ಕೊಡುವ ವಿಶೇಷ ಗೌರವ, ಸಿಕ್ಕಾಗ ಊರೆಲ್ಲ ಸಿಹಿ ಹಂಚಿದರು. ಅಲ್ಲಿಗೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ತುಂಬಾ ಇದ್ದಾರೆ, ಅದು ನಮ್ಮ ಸೀಮೆಯವರಿಗೆಲ್ಲ ಗೊತ್ತಿರುವ ವಿಷಯ.

ತಂಗಿಯ ವಿಶ್ವಾಸ ಅಮ್ಮನ ಸೆರಗು ಹಿಡಿದುಕೊಂಡು ಬಂದದ್ದು. ಇದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ನಮ್ಮಲ್ಲಿ ಬಹುಪಾಲು ಜನರ ವಿಶ್ವಾಸ ಬಂದದ್ದೇ ಹಾಗೆ, ಅಲ್ವಾ? ಆದರೆ ಅಮ್ಮ ಹೋದಾಗ ಸೆರಗೂ ಕೈತಪ್ಪಿತು.

2021ರ ಮೇ

ಕೋವಿಡ್ ಎರಡನೇ ಅಲೆ. ಚಾಮರಾಜನಗರದಲ್ಲಿ ಆಮ್ಲಜನಕ ಸಿಗದೆ ಜನ ಸತ್ತ ಅದೇ ತಿಂಗಳು. ತಂಗಿ ಕೋವಿಡ್ ವಾರ್ಡಿನಲ್ಲಿ ಡ್ಯೂಟಿಯಲ್ಲಿದ್ದಳು. ಅಮ್ಮನಿಗೆ ಜ್ವರ ಬಂದು ಉಸಿರು ಕಟ್ಟಿದಾಗ ತನ್ನ ಆಸ್ಪತ್ರೆಯಲ್ಲಿ ಬೆಡ್ ಇರಲಿಲ್ಲ. ಫೋನಿನ ಮೇಲೆ ಫೋನು ಮಾಡಿ, ಬೇರೆ ಕಡೆ ಬೆಡ್ ಸಿಗುವ ಹೊತ್ತಿಗೆ ಒಂದು ರಾತ್ರಿ ಕಳೆದಿತ್ತು. ನಾಲ್ಕನೇ ದಿನ ಅಮ್ಮ ತೀರಿಕೊಂಡರು. ಆ ಹೊತ್ತಿನಲ್ಲಿ ತಂಗಿ ಇನ್ಯಾರದೋ ಅಮ್ಮನ ಪಕ್ಕದಲ್ಲಿ ಪಿಪಿಇ ಕಿಟ್ ಹಾಕಿಕೊಂಡು ನಿಂತಿದ್ದಳು.

ದೇಹ ಮನೆಗೆ ಬರಲಿಲ್ಲ. ಚೀಲದಲ್ಲಿ ಸುತ್ತಿಕೊಂಡು ನೇರವಾಗಿ ಸಮಾಧಿ ಜಾಗಕ್ಕೆ. ಹೊತ್ತವರು ಸ್ವಯಂಸೇವಕರು, ಮುಖ ಕಾಣದ ಹುಡುಗರು. ಅವರಿಗೆ ದೇವರು ಒಳ್ಳೆಯದು ಮಾಡಲಿ, ಆ ದಿನಗಳಲ್ಲಿ ಅವರಿಲ್ಲದಿದ್ದರೆ ಎಷ್ಟೋ ಜನಕ್ಕೆ ಮಣ್ಣೂ ಸಿಗುತ್ತಿರಲಿಲ್ಲ. ಆದರೆ ಹೆತ್ತ ಮಗ ಹೆಗಲು ಕೊಡಲಿಲ್ಲ, ಮಗಳು ಮುಖ ತೊಳೆಯಲಿಲ್ಲ. ಮನೆಯಲ್ಲಿ ರಾತ್ರಿಯಿಡೀ ಕೂತು ಜಪಸರ ಹೇಳುವುದು, ಚರ್ಚಿನಲ್ಲಿ ಮೃತರ ಪೂಜೆ, ಯಾವುದೂ ಆಗಲಿಲ್ಲ. ಚರ್ಚುಗಳೇ ಮುಚ್ಚಿದ್ದವು. ಗುರುಗಳು ದೂರದಲ್ಲಿ ನಿಂತು ಚಿಕ್ಕದೊಂದು ಪ್ರಾರ್ಥನೆ ಹೇಳಿ, ಪವಿತ್ರ ಜಲ ಚಿಮುಕಿಸಿದರು. ಅಷ್ಟೇ.

ಆಸ್ಪತ್ರೆಯವರು ಅಮ್ಮನ ಸಾಮಾನುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಲೆ ಬೆಡ್ ನಂಬರ್ ಬರೆದು ಕೊಟ್ಟಿದ್ದರು. ತಂಗಿ ಅದನ್ನು ಬಿಚ್ಚದೆ ಅಟ್ಟದ ಮೇಲೆ ಇಟ್ಟಳು.

ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ಅಣ್ಣನ ಮಾತು. ಮಣ್ಣು ಮಾಡಿ ಬಂದ ದಿನ ಅವನು ಹೇಳಿದ, 'ನೀನು ನರ್ಸ್ ಆಗಿದ್ದೂ ಅಮ್ಮನಿಗೆ ಒಂದು ಬೆಡ್ ಕೊಡಿಸೋಕಾಗ್ಲಿಲ್ವಲ್ಲ.' ಸಂಕಟದಲ್ಲಿ ಬಂದ ಮಾತು ಅದು. ಆದರೆ ತಂಗಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತೂ ಅದೇ ಆಗಿತ್ತು.

ಕುಸಿತ

ಮುಂದಿನ ಎರಡು ವರ್ಷ ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗೇ ಇತ್ತು. ತಂಗಿ ಒಂದು ದಿನವೂ ಡ್ಯೂಟಿ ತಪ್ಪಿಸಲಿಲ್ಲ. ಭಾನುವಾರದ ಪೂಜೆ ಮಾತ್ರ ಒಂದೊಂದಾಗಿ ತಪ್ಪತೊಡಗಿತು. ಮೊದಲು 'ನೈಟ್ ಡ್ಯೂಟಿ' ಅಂದಳು, ಆಮೇಲೆ 'ತಲೆನೋವು' ಅಂದಳು, ಕೊನೆಗೆ ಕಾರಣ ಹೇಳುವುದನ್ನೇ ಬಿಟ್ಟಳು. ಸಂಜೆ ದೀಪ ಹಚ್ಚಿ ಜಪಸರ ಹೇಳುವ ಪದ್ಧತಿ ಆ ಮನೆಯಲ್ಲಿತ್ತು. ಅದನ್ನು ಮಗಳು ಒಬ್ಬಳೇ ನಡೆಸಿಕೊಂಡು ಹೋಗುತ್ತಿದ್ದಳು. 'ನಮೋ ಮರಿಯಾ' ಎಂದು ಮಗು ಶುರು ಮಾಡುವುದು, ಉತ್ತರವನ್ನೂ ತಾನೇ ಹೇಳಿಕೊಳ್ಳುವುದು. ತಂಗಿ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ನಿಂತಿರುತ್ತಿದ್ದಳು, ಕೇಳಿಸಬಾರದು ಅಂತ.

2023ರ ಜೂನ್‌ನಲ್ಲಿ ಒಂದು ದಿನ ಔಷಧಿಯ ಟ್ರೇ ಹಿಡಿದು ವಾರ್ಡಿನಲ್ಲಿ ನಿಂತವಳಿಗೆ ಯಾವ ಬೆಡ್‌ಗೆ ಹೋಗಬೇಕೆಂದೇ ತೋಚಲಿಲ್ಲ. ಟ್ರೇ ಮೇಜಿನ ಮೇಲಿಟ್ಟು ನೆಲದ ಮೇಲೆ ಕೂತುಬಿಟ್ಟಳು. ಜೊತೆಯವರು ಆಟೋದಲ್ಲಿ ಮನೆಗೆ ಕರೆತಂದರು. ರಜೆ ಬರೆದುಕೊಟ್ಟಳು. ಆಮೇಲೆ ಊಟ ಇಲ್ಲ, ಟೀ ಮತ್ತು ಬನ್ನು. ನಿದ್ದೆ ಬೆಳಗಿನ ಜಾವ ಒಂದೆರಡು ಗಂಟೆ. 'ನಾನು ಇದ್ದೇನು ಪ್ರಯೋಜನ' ಅನ್ನುವ ಮಾತು ಶುರುವಾದಾಗ ಗಂಡ ಹೆದರಿ ನಮ್ಮ ಬಳಿ ಬಂದ.

ಬಂದ ಸಲಹೆಗಳು

ನಾವು ಹೋಗುವ ಮೊದಲೇ ಸಲಹೆ ಕೊಡುವವರು ಬಂದು ಹೋಗಿದ್ದರು. ಒಬ್ಬರು 'ದೇವರ ಚಿತ್ತ, ಅಮ್ಮ ಸ್ವರ್ಗದಲ್ಲಿದ್ದಾರೆ, ಅಳಬಾರದು' ಎಂದಿದ್ದರು. ಇನ್ನೊಬ್ಬರು ಒಂಬತ್ತು ವಾರದ ನೊವೆನಾ ಪ್ರಾರ್ಥನೆಯ ಪುಸ್ತಕ ಕೊಟ್ಟು ಹೋಗಿದ್ದರು. ಪುಸ್ತಕ ತಪ್ಪಲ್ಲ, ಆದರೆ ಆಕೆಗೆ ಒಂದು ಪುಟ ಓದುವ ಶಕ್ತಿಯೂ ಇರಲಿಲ್ಲ.

ಜಾಸ್ತಿ ಗಾಯ ಮಾಡಿದ್ದು ಒಂದು ಪ್ರಾರ್ಥನಾ ಕೂಟ. ಯಾರೋ ಸಂಬಂಧಿಕರು ಒಳ್ಳೆಯ ಮನಸ್ಸಿನಿಂದಲೇ ಕರೆದುಕೊಂಡು ಹೋಗಿದ್ದರು. ಅಲ್ಲಿ ಮೈಕ್ ಹಿಡಿದವರು ತಲೆಯ ಮೇಲೆ ಕೈಯಿಟ್ಟು, 'ಮನೆಯಲ್ಲಿ ಒಪ್ಪಿಕೊಳ್ಳದ ಪಾಪ ಇದೆ, ವಿಶ್ವಾಸ ಕಡಿಮೆ ಇದೆ, ಅದಕ್ಕೇ ಈ ಕತ್ತಲೆ' ಎಂದರಂತೆ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ಬೈಬಲಿನ ಯೋವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳುವ ಪ್ರಶ್ನೆ ಇದೇ: ಪಾಪ ಮಾಡಿದವರು ಯಾರು, ಇವನೋ, ಇವನ ಹೆತ್ತವರೋ? ಇಬ್ಬರೂ ಅಲ್ಲ ಎಂದು ಯೇಸುಸ್ವಾಮಿ ಆ ಪ್ರಶ್ನೆಯನ್ನೇ ಕಿತ್ತೆಸೆಯುತ್ತಾರೆ. ಅವರು ಎಸೆದದ್ದನ್ನು ಎತ್ತಿಕೊಂಡು ಬಂದು, ಮಗಳನ್ನು ಕಳೆದುಕೊಂಡವರ ಮೇಲೆ, ತಾಯಿಯನ್ನು ಕಳೆದುಕೊಂಡವರ ಮೇಲೆ ಹೊರಿಸುವ ಹಕ್ಕು ನಮಗೆ ಯಾರು ಕೊಟ್ಟರು?

ಆ ಕೂಟದ ನಂತರ ತಂಗಿ ಬೈಬಲನ್ನು ಬಟ್ಟೆಯ ಬೀರುವಿನೊಳಗೆ ಇಟ್ಟುಬಿಟ್ಟಳು.

ನೆಲಮಾಳಿಗೆ

ಆ ದಿನಗಳಲ್ಲಿ ಆಕೆ ಯಾರಿಗೂ ಹೇಳದೆ ಮಾಡುತ್ತಿದ್ದ ಒಂದು ಕೆಲಸ ಆಮೇಲೆ ಗೊತ್ತಾಯಿತು. ಮಧ್ಯಾಹ್ನ ಮಗಳು ಶಾಲೆಯಲ್ಲಿರುವಾಗ ಸಂತ ಫಿಲೋಮಿನಾ ಚರ್ಚಿಗೆ ಹೋಗುತ್ತಿದ್ದಳು. ಮೇಲೆ ಬೆಂಚಿನಲ್ಲಿ ಕೂರುವುದಕ್ಕಲ್ಲ. ಮೆಟ್ಟಿಲಿಳಿದು, ಪೀಠದ ಕೆಳಗಿರುವ ನೆಲಮಾಳಿಗೆಗೆ, ಸಂತ ಫಿಲೋಮಿನಾ ಮಲಗಿರುವ ಪ್ರತಿಮೆ ಇರುವ ಕಡೆಗೆ.

ಮೈಸೂರಿನವರಿಗೆ ಈ ಚರ್ಚಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಅಲ್ಲಿ ಮೊದಲ ಚರ್ಚು ಎದ್ದಿತು. ಈಗ ಇರುವುದಕ್ಕೆ ನಾಲ್ವಡಿಯವರು 1933ರ ಅಕ್ಟೋಬರ್ 28ರಂದು ಅಡಿಗಲ್ಲು ಹಾಕಿದರು. 175 ಅಡಿಯ ಜೋಡಿ ಗೋಪುರ ನೋಡಲು ದಿನವೂ ಪ್ರವಾಸಿಗರ ಸಾಲು. ತಂಗಿಗೆ ಬೇಕಾಗಿದ್ದದ್ದು ಆ ಸಾಲೇ. 'ಅಲ್ಲಿ ಯಾರೂ ನನ್ನನ್ನ ಗುರುತು ಹಿಡಿಯಲ್ಲ ಆಂಟಿ. ಹೇಗಿದ್ದೀಯಾ, ಯಾಕೆ ಪೂಜೆಗೆ ಬರ್ತಿಲ್ಲ ಅಂತ ಕೇಳಲ್ಲ. ಟೂರಿಸ್ಟ್ ಥರ ಇಳಿತೀನಿ, ಟೂರಿಸ್ಟ್ ಥರ ಹತ್ತಿ ಬರ್ತೀನಿ' ಅಂದಳು.

'ಅಲ್ಲಿ ನಿಂತು ಏನು ಹೇಳ್ತೀಯಾ?' ಎಂದು ಕೇಳಿದೆ.

'ಏನೂ ಇಲ್ಲ. ಸುಮ್ನೆ ನಿಲ್ತೀನಿ. ಹಿಂದಿನವರು ತಳ್ಳಿದ್ರೆ ಮುಂದೆ ಹೋಗ್ತೀನಿ.'

ವಿಶ್ವಾಸ ಸತ್ತುಹೋಗಿದೆ ಎಂದು ಆಕೆಯೇ ಹೇಳುತ್ತಿದ್ದಳು. ನನಗೆ ಹಾಗನ್ನಿಸಲಿಲ್ಲ. ದೇವರೊಂದಿಗೆ ಮಾತು ಬಿಟ್ಟವಳು ಮಾತು ಬಿಟ್ಟ ಮನೆಯ ಬಾಗಿಲಿಗೇ ಹೋಗಿ ಬರುತ್ತಿದ್ದಳು. ಈ ಪ್ರಕರಣದಲ್ಲಿ ನಮಗೆ ಸಿಕ್ಕ ಮೊದಲ ಹಿಡಿ ಅದೇ.

ಮೊದಲು ಊಟ, ನಿದ್ದೆ, ಡಾಕ್ಟರ್

ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದಾರೆ. ತಾವೇ ಬಹಳ ವರ್ಷ ನರ್ಸ್ ಆಗಿದ್ದವರು. ಮೊದಲ ಭೇಟಿಗೆ ಹೊರಡುವಾಗ ಅವರು ನಮಗೆಲ್ಲ ಕಟ್ಟುನಿಟ್ಟಾಗಿ ಹೇಳಿದರು: ಇವತ್ತು ಯಾರೂ ಬೈಬಲ್ ತೆರೆಯಬಾರದು, ಯಾರೂ ಹಾಡಬಾರದು. ಎಲೀಯನ ಕಥೆ ನೆನಪಿಸಿಕೊಳ್ಳಿ ಅಂದರು.

ಅರಸರ ಮೊದಲನೇ ಗ್ರಂಥದ 19ನೇ ಅಧ್ಯಾಯ. ದೊಡ್ಡ ಪ್ರವಾದಿ ಎಲೀಯ ಜೀವಭಯದಿಂದ ಓಡಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವರು ಬೈಯುವುದಿಲ್ಲ, ಬೋಧನೆ ಮಾಡುವುದಿಲ್ಲ. ದೂತ ಬಂದು ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅನ್ನುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ಎರಡನೇ ಸಲ ಎಬ್ಬಿಸಿ, ಇನ್ನೂ ತಿನ್ನು, ನೀನು ಹೋಗಬೇಕಾದ ದಾರಿ ದೂರ ಇದೆ ಅನ್ನುತ್ತಾನೆ. 'ಇಲ್ಲಿ ಏನು ಮಾಡುತ್ತಿದ್ದೀಯ' ಎಂದು ದೇವರು ಅವನನ್ನು ಕೇಳುವುದು ಆ ಊಟ, ಆ ನಿದ್ದೆ, ಆಮೇಲಿನ ನಲವತ್ತು ದಿನದ ನಡಿಗೆ, ಎಲ್ಲ ಮುಗಿದ ಮೇಲೆ.

ಹಾಗಾಗಿ ನಾವು ತೆಗೆದುಕೊಂಡು ಹೋದದ್ದು ಉಪ್ಸಾರು, ಮುದ್ದೆ. ಸಿಸ್ಟರ್ ತಾವೇ ತಟ್ಟೆಗೆ ಹಾಕಿ ಎದುರಿಗೆ ಕೂತರು. ತಂಗಿ ಮುದ್ದೆಯ ಅಂಚನ್ನು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಳ್ಳದೆ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಯಾರೂ 'ತಿನ್ನು' ಅನ್ನಲಿಲ್ಲ. ಆಮೇಲೆ ನುಂಗಿದಳು. ಅರ್ಧ ಮುದ್ದೆ. ಅದೇ ಆ ದಿನದ ಕೆಲಸ. ಪಾತ್ರೆ ತೊಳೆದಿಟ್ಟು ಬಂದೆವು.

ಎರಡನೇ ಕೆಲಸ ಮನೋವೈದ್ಯರು. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ವಿಶ್ವಾಸಿಗಳ ಮನೆಗಳಲ್ಲಿ ಈ ಹೆಜ್ಜೆಗೇ ಜಾಸ್ತಿ ವಿರೋಧ. ತಂಗಿಯ ಗಂಡನೂ 'ಹುಚ್ಚಿನ ಡಾಕ್ಟರ್ ಹತ್ರ ಹೋದ್ರೆ ಜನ ಏನಂತಾರೆ, ಪ್ರಾರ್ಥನೆಯಲ್ಲೇ ವಾಸಿಯಾಗಲಿ' ಅಂದ. ಅವನಿಗೆ ಫಾದರ್ ಹೇಳಿದ್ದು ನಮ್ಮ ಸೀಮೆಯದೇ ಒಂದು ಕಥೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರೆಂಚ್ ಗುರು ಅಬ್ಬೆ ದ್ಯುಬುವಾ. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು. ಸಿಡುಬು ಊರೂರನ್ನೇ ತಿನ್ನುತ್ತಿದ್ದ ಕಾಲ. ಲಸಿಕೆ ಆಗತಾನೇ ಬಂದಿತ್ತು, ಜನಕ್ಕೆ ಹೆದರಿಕೆ. ಪೂಜೆ, ಬೋಧನೆಗಳ ಜೊತೆಗೇ ದೊಡ್ಡ ಸ್ವಾಮಿಯವರು ಲಸಿಕೆ ಹಾಕಿಸುವ ಕೆಲಸಕ್ಕೂ ನಿಂತರು, ಸಾವಿರಾರು ಜನರಿಗೆ ಹಾಕಿಸಿದರು. ಸಿಡುಬಿಗೆ ಬರೀ ಪ್ರಾರ್ಥನೆ ಸಾಕು ಎಂದು ಆ ಗುರುಗಳು ಹೇಳಲಿಲ್ಲ. ನಿಮ್ಮ ಹೆಂಡತಿಯ ತವರಿನ ಪಕ್ಕದಲ್ಲೇ ಓಡಾಡಿದವರು ಅವರು ಎಂದಾಗ ಗಂಡ ಒಪ್ಪಿದ.

ಡಾಕ್ಟರ್ ಹೇಳಿದ್ದು ಸ್ಪಷ್ಟವಾಗಿತ್ತು. ಮನಸ್ಸು ಕುಗ್ಗುವುದು, ಊಟ ನಿದ್ದೆ ಕೆಡುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವು ಎರಡು ವಾರಕ್ಕಿಂತ ಹೆಚ್ಚು ಬಿಡದೆ ಇದ್ದರೆ ಅದನ್ನು ಖಿನ್ನತೆ ಎಂದು ನೋಡಬೇಕು. ತಂಗಿಗೆ ತಿಂಗಳುಗಳೇ ಆಗಿದ್ದವು. ಮಾತ್ರೆ ಕೊಟ್ಟರು, ಕೆಲಸ ಮಾಡಲು ಕೆಲವು ವಾರ ಬೇಕು, ಮಧ್ಯೆ ನಿಲ್ಲಿಸಬೇಡಿ ಎಂದರು. ಮಾತನಾಡಿಸುವ ಚಿಕಿತ್ಸೆಯೂ ಶುರುವಾಯಿತು. ರಾತ್ರಿ ಹೊತ್ತು ಕೆಟ್ಟ ಯೋಚನೆ ಬಂದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರನ್ನು ಗಂಡನ ಫೋನಿನಲ್ಲೂ ನನ್ನ ಫೋನಿನಲ್ಲೂ ಹಾಕಿಕೊಂಡೆವು. ಅದು 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ. ಒಂದು ರಾತ್ರಿ ಅದು ಉಪಯೋಗಕ್ಕೂ ಬಂತು.

ಆಧ್ಯಾತ್ಮಿಕ ಕತ್ತಲೆ ಬೇರೆ, ಖಿನ್ನತೆ ಬೇರೆ. ಎರಡೂ ಒಟ್ಟಿಗೇ ಬರಬಹುದು, ತಂಗಿಗೆ ಹಾಗೇ ಬಂದಿತ್ತು. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ಸಾಲುವುದಿಲ್ಲ. ಮಾತ್ರೆಯಿಂದ ನಿದ್ದೆ ಬಂತು, ಹಸಿವು ಬಂತು. ಅಮ್ಮ ಯಾಕೆ ಹಾಗೆ ಹೋಗಬೇಕಾಯಿತು ಎಂಬ ಪ್ರಶ್ನೆ ಅಲ್ಲೇ ಇತ್ತು.

ಆ ಪ್ರಶ್ನೆಗೆ ಉತ್ತರ ಕೊಡದವರು

ಫಾದರ್ ಒಂದು ಸಂಜೆ ಮನೆಗೆ ಬಂದರು. ತಂಗಿ ನೇರವಾಗೇ ಕೇಳಿದಳು, 'ಫಾದರ್, ನಾನು ಅಷ್ಟು ಜನರ ಜೀವ ಉಳಿಸೋಕೆ ಒದ್ದಾಡಿದೆ. ದೇವರು ನನ್ನ ಅಮ್ಮನಿಗೆ ಒಂದು ರಾತ್ರಿ ಬೆಡ್ ಕೊಡಬಾರದಿತ್ತಾ?'

ಅವರು ಬಹಳ ಹೊತ್ತು ಸುಮ್ಮನಿದ್ದು 'ನನಗೆ ಗೊತ್ತಿಲ್ಲಮ್ಮ' ಅಂದರು. ಆಮೇಲೆ ಬೈಬಲಿನ ಲಾಜರನ ಮನೆಯ ವಿಷಯ ಎತ್ತಿದರು. ಲಾಜರ ಸತ್ತ ಮೇಲೆ ಅವನ ಸೋದರಿಯರಾದ ಮಾರ್ತಳೂ ಮರಿಯಳೂ ಬೇರೆ ಬೇರೆಯಾಗಿ ಬಂದು ಯೇಸುಸ್ವಾಮಿಗೆ ಹೇಳುವುದು ಒಂದೇ ಮಾತು: ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಅದು ದೂರು. ಯೇಸುಸ್ವಾಮಿ ಅದಕ್ಕೆ ಸಿಟ್ಟಾಗಲಿಲ್ಲ. ಸಮಾಧಿ ಎಲ್ಲಿ ಎಂದು ಕೇಳಿ, ಅತ್ತರು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಬದುಕಿಸಿ ಎಬ್ಬಿಸುವವರೇ ಮೊದಲು ಅತ್ತರು. 'ನೀನೂ ಹೇಳಮ್ಮ. ನೀವು ಇದ್ದಿದ್ದರೆ ಅಂತ ಅವರಿಗೇ ಹೇಳು. ಅಣ್ಣ ನಿನಗೆ ಹೇಳಿದ್ದನ್ನ ನೀನು ದೇವರಿಗೆ ಹೇಳು. ಅದೂ ಪ್ರಾರ್ಥನೆಯೇ' ಅಂದರು.

ಸಿಸ್ಟರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದು ಶುಕ್ರವಾರ ರಾತ್ರಿ, ಆಕೆಯ ಒಪ್ಪಿಗೆ ಕೇಳಿ, ಬೈಬಲಿನ 88ನೇ ಕೀರ್ತನೆಯನ್ನು ಓದಿದರು. ಕೀರ್ತನೆಗಳಲ್ಲೇ ಅತಿ ಕತ್ತಲಿನದು ಅದು. ಬೇರೆ ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಓದು ನಿಂತಾಗ ತಂಗಿ, 'ಮುಂದೆ?' ಅಂದಳು.

'ಮುಂದೆ ಇಲ್ಲ ಮಗಳೇ. ಇಷ್ಟೇ. ಇದನ್ನ ನಾವು ಸಿಸ್ಟರ್‌ಗಳು ಪ್ರತಿ ಶುಕ್ರವಾರ ಮಲಗೋ ಮುಂಚೆ ಹೇಳ್ತೀವಿ. ಲೋಕದಲ್ಲಿ ಎಲ್ಲ ಕಡೆ ಹೇಳ್ತಾರೆ. ನಮಗೆ ಆವತ್ತು ದುಃಖ ಇರಲಿ ಬಿಡಲಿ. ಯಾರಿಗೋ ಇರುತ್ತಲ್ಲ, ಅವರ ಪರವಾಗಿ.'

ತಂಗಿ ಅಂದು ಅತ್ತಳು. ಅಮ್ಮ ಸತ್ತ ಮೇಲೆ ಹಾಗೆ ಅತ್ತದ್ದು ಅದೇ ಮೊದಲು ಎಂದು ಗಂಡ ಆಮೇಲೆ ಹೇಳಿದ. ಎರಡು ವರ್ಷ ತನ್ನ ಪರವಾಗಿ ಯಾರೋ ಪ್ರತಿ ಶುಕ್ರವಾರ ಇದನ್ನು ಹೇಳುತ್ತಿದ್ದರು ಎಂಬುದೇ ಆಕೆಯನ್ನು ತಟ್ಟಿದ್ದು.

ಮದರ್ ತೆರೇಸಾ ಅವರ ವಿಷಯವನ್ನೂ ಸಿಸ್ಟರ್ ಹೇಳಿದರು. ಆ ತಾಯಿ ಹತ್ತಾರು ವರ್ಷ ಒಳಗೆ ದೇವರ ಸುಳಿವೇ ಇಲ್ಲದೆ ಬದುಕಿದ್ದು 2007ರಲ್ಲಿ ಅವರ ಪತ್ರಗಳು ಹೊರಬಂದಾಗ ಲೋಕಕ್ಕೆ ಗೊತ್ತಾಯಿತು. 2016ರಲ್ಲಿ ಅವರನ್ನು ಸಂತರೆಂದು ಸಾರುವಾಗ ಆ ಕತ್ತಲೆ ಅಡ್ಡಿಯಾಗಲಿಲ್ಲ.

ಹೊತ್ತವರು ಯಾರು

ಮಾರ್ಕನ ಶುಭಸಂದೇಶದ 2ನೇ ಅಧ್ಯಾಯ ನಮ್ಮ ಗುಂಪಿನ ಕೆಲಸಕ್ಕೆ ದಾರಿ ತೋರಿಸಿದ್ದು. ಕಫೆರ್ನೌಮ್ ಎಂಬ ಊರಿನಲ್ಲಿ ಒಬ್ಬ ಲಕ್ವ ಹೊಡೆದವನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದಾರೆ. ಮಾಡು ಹತ್ತಿ, ಮೇಲ್ಛಾವಣಿ ಕಿತ್ತು, ಚಾಪೆ ಸಮೇತ ಕೆಳಗಿಳಿಸುತ್ತಾರೆ. ಯೇಸುಸ್ವಾಮಿ ನೋಡಿದ್ದು ಅವರ ವಿಶ್ವಾಸವನ್ನು ಎಂದು ಮಾರ್ಕ ಬರೆಯುತ್ತಾನೆ. ಹೊತ್ತು ತಂದವರ ವಿಶ್ವಾಸ. ಮಲಗಿದ್ದವನಿಗೆ ವಿಶ್ವಾಸ ಇತ್ತೋ ಇಲ್ಲವೋ, ಅವನು ಒಂದು ಮಾತೂ ಆಡಿದ ಹಾಗಿಲ್ಲ.

ನಮ್ಮ ಕಡೆ ನಾಲ್ಕು ಜನ ಹೆಗಲು ಕೊಡುವುದು ಅಂದರೆ ಸತ್ತವರಿಗೆ. ಬದುಕಿರುವವರಿಗೂ ಕೊಡಬಹುದು ಎಂಬುದನ್ನು ಈ ಪ್ರಕರಣದಲ್ಲಿ ನಾನು ಕಣ್ಣಾರೆ ನೋಡಿದೆ.

ಗಂಡ ಒಂದು ಕಡೆ. ಅವನು ತನ್ನ ಡ್ಯೂಟಿಯನ್ನು ಬೆಳಗಿನ ಪಾಳಿಗೆ ಬದಲಾಯಿಸಿಕೊಂಡು, ಸಂಜೆ ಮಗಳ ಜೊತೆ ಜಪಸರಕ್ಕೆ ಕೂತ. ಹೆಂಡತಿಯನ್ನು ಕರೆಯಲಿಲ್ಲ, ಅವಳ ಚಾಪೆ ಮಾತ್ರ ಹಾಸುತ್ತಿದ್ದ. ಮಗುವಿಗೆ ಉತ್ತರ ಹೇಳುವವರು ಸಿಕ್ಕರು. ಸಿಸ್ಟರ್ ಇನ್ನೊಂದು ಕಡೆ, ನಮ್ಮ ಗುಂಪಿನವರು ಮತ್ತೊಂದು ಕಡೆ. ನಾಲ್ಕನೆಯವರು ಪಕ್ಕದ ಮನೆಯ ಗೌಡರ ಮನೆಯಾಕೆ. ಮಗಳಿಗೆ ಎಷ್ಟೋ ದಿನ ಡಬ್ಬಿ ಕಟ್ಟಿದವರು ಅವರೇ. ತಂಗಿ ಎದ್ದು ಓಡಾಡುವಂತಾದರೆ ಮೆಟ್ಟಿಲು ಹತ್ತಿ ಬರುತ್ತೇನೆ ಎಂದು ಚಾಮುಂಡಿ ತಾಯಿಗೆ ಹರಕೆ ಹೊತ್ತಿದ್ದರು. ಬೆಟ್ಟ ಹತ್ತಿ ಬಂದು, ಮಂಡಿ ನೋವೆಂದು ಎರಡು ದಿನ ಮಲಗಿದರು. ಆಮೇಲೆ ತಂಗಿಯೇ ಅವರಿಗೆ ಎಣ್ಣೆ ಹಚ್ಚಿದಳು. ಬಹಳ ದಿನಗಳ ಮೇಲೆ ಆಕೆ ಒಬ್ಬರ ಶುಶ್ರೂಷೆ ಮಾಡಿದ್ದು ಅದು. ಆ ಹರಕೆಯನ್ನು ಈ ಲೆಕ್ಕದಿಂದ ಹೊರಗಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಪ್ರೀತಿಯಿಂದ ಮಾಡಿದ್ದು ಯಾವುದೂ ದೇವರಿಗೆ ತಲುಪದೆ ಇರುವುದಿಲ್ಲ ಎಂದು ನಾನು ನಂಬುತ್ತೇನೆ.

ಮೇಣದಬತ್ತಿ

2024ರ ಮಾರ್ಚ್ 30ರ ರಾತ್ರಿ ಪಾಸ್ಕ ಜಾಗರಣೆ, ಅಂದರೆ ಈಸ್ಟರ್ ಹಬ್ಬದ ಹಿಂದಿನ ರಾತ್ರಿಯ ಪೂಜೆ. ಮಗಳ ಒತ್ತಾಯಕ್ಕೆ ತಂಗಿ ಬಂದಳು, ಕೊನೆಯ ಬೆಂಚು. ಆ ರಾತ್ರಿಯ ವಿಧಿ ಹೊರಗೆ ಕತ್ತಲಲ್ಲಿ ಶುರುವಾಗುತ್ತದೆ. ಹೊಸ ಬೆಂಕಿಯನ್ನು ಆಶೀರ್ವದಿಸಿ, ಪಾಸ್ಕದ ದೊಡ್ಡ ಬತ್ತಿ ಹಚ್ಚಿ, ಅದರಿಂದ ಒಬ್ಬರ ಬತ್ತಿಗೆ ಇನ್ನೊಬ್ಬರು ಹಚ್ಚಿಕೊಳ್ಳುತ್ತಾ ಬೆಳಕು ಒಳಗೆ ಬರುತ್ತದೆ. ಆಮೇಲೆ ಜ್ಞಾನಸ್ನಾನದ ಮಾತುಗಳನ್ನು ಎಲ್ಲರೂ ನವೀಕರಿಸುತ್ತಾರೆ. ಗುರುಗಳು ಕೇಳುತ್ತಾರೆ, ವಿಶ್ವಾಸಿಸುತ್ತೀರೋ? ಜನ ಹೇಳುತ್ತಾರೆ, ವಿಶ್ವಾಸಿಸುತ್ತೇವೆ. ತಂಗಿಯ ಕೈಯಲ್ಲಿ ಬತ್ತಿ ಉರಿಯುತ್ತಿತ್ತು, ಮಗಳು ಹಚ್ಚಿಕೊಟ್ಟಿದ್ದು. ಬಾಯಿ ತೆರೆಯಲಿಲ್ಲ. ಮೇಣ ಕಾಗದ ದಾಟಿ ಬೆರಳಿನ ಮೇಲೆ ಬಿದ್ದರೂ ಅಲ್ಲಾಡದೆ ನಿಂತಿದ್ದಳು. ಪಕ್ಕದಲ್ಲಿದ್ದ ಯಾರೂ 'ಹೇಳು' ಎಂದು ತಿವಿಯಲಿಲ್ಲ. ಅದಕ್ಕೆ ದೇವರಿಗೆ ವಂದನೆ.

ಆ ವರ್ಷ ನವೆಂಬರ್ 2, ಸಮಸ್ತ ಮೃತರ ದಿನ. ಅಮ್ಮನಿಗೆ ಆಗದೇ ಹೋಗಿದ್ದ ಪೂಜೆಯನ್ನು ಅಂದು ಇಟ್ಟುಕೊಳ್ಳೋಣ ಎಂದು ಫಾದರ್ ಹೇಳಿದರು. ಮೂರು ವರ್ಷ ತಡವಾಗಿ. ಹಿಂದಿನ ರಾತ್ರಿ ಮನೆಯಲ್ಲಿ ಎಲ್ಲರೂ ಕೂತು ಪೂರ್ತಿ ಜಪಸರ ಹೇಳಿದೆವು, ಸಾವಿನ ಮನೆಯಲ್ಲಿ ಹೇಗೆ ಕೂರುತ್ತೇವೋ ಹಾಗೆ. ಅದು ಮುಗಿದ ಮೇಲೆ ತಂಗಿ ಸ್ಟೂಲ್ ಹಾಕಿಕೊಂಡು ಅಟ್ಟದಿಂದ ಆ ಕವರ್ ಇಳಿಸಿದಳು. ಕನ್ನಡಕ, ಕೀಪ್ಯಾಡ್ ಫೋನು, ಒಂದು ಸ್ಟೀಲ್ ಚಮಚ, ಜಪಸರ. ಕರವಸ್ತ್ರದ ಮೂಲೆಯಲ್ಲಿ ಗಂಟು. ಬಿಚ್ಚಿದರೆ ಮಡಚಿದ ನೂರು ರೂಪಾಯಿ ನೋಟು, ಮೇಲೆ ಒಂದು ರೂಪಾಯಿ. ಯಾರೂ ಕೇಳಬೇಕಾಗಿರಲಿಲ್ಲ. ಹರಕೆಯ ದುಡ್ಡು, ದೋರನಹಳ್ಳಿಗೆ. ಆಸ್ಪತ್ರೆಗೆ ಹೋಗುವಾಗಲೂ ಆ ತಾಯಿ ಗುಣವಾಗಿ ಬರುತ್ತೇನೆಂಬ ಭರವಸೆಯನ್ನು ಗಂಟು ಕಟ್ಟಿಕೊಂಡೇ ಹೋಗಿದ್ದರು.

ಮಾರನೆಯ ದಿನ ಪೂಜೆಗೆ ಅಣ್ಣ ಬಂದಿದ್ದ. ಹಿಂದೆ ನಿಂತಿದ್ದು, ಸಮಾಧಿಯ ಹತ್ತಿರ ಹೂವಿಟ್ಟು, ಮಾತಾಡದೆ ಹೋದ.

2025 ಕಥೋಲಿಕ ಧರ್ಮಸಭೆಗೆ ಜೂಬಿಲಿ ವರ್ಷ, ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಪವಿತ್ರ ವರ್ಷ. ಅದರ ವಸ್ತುವೇ ಭರವಸೆ. ಪೋಪ್ ಫ್ರಾನ್ಸಿಸ್ ಅದಕ್ಕಾಗಿ 2024ರ ಮೇ 9ರಂದು ಹೊರಡಿಸಿದ ಪತ್ರ ಶುರುವಾಗುವುದು ಸಂತ ಪೌಲರು ರೋಮನರಿಗೆ ಬರೆದ ಮಾತಿನಿಂದ: ಭರವಸೆ ನಮ್ಮನ್ನು ನಿರಾಶೆಗೊಳಿಸುವುದಿಲ್ಲ. ಅದಕ್ಕೆ ಮೊದಲಿನ ಸಾಲುಗಳಲ್ಲಿ ಪೌಲರು ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಗುಣ, ಅದರಿಂದ ಭರವಸೆ ಎಂದು ಹೇಳುತ್ತಾರೆ. ಭರವಸೆ ಆ ಸಾಲಿನಲ್ಲಿ ಕೊನೆಗೆ ಬರುತ್ತದೆ. ನಾವು ಅದನ್ನು ಮೊದಲೇ ಕೇಳುತ್ತೇವೆ, ಕುಸಿದವರ ಹತ್ತಿರವೇ ಕೇಳುತ್ತೇವೆ.

2025ರ ಪಾಸ್ಕ ಜಾಗರಣೆ ಏಪ್ರಿಲ್ 19. ತಂಗಿ ಮಧ್ಯದ ಬೆಂಚಿನಲ್ಲಿದ್ದಳು. ಮೊದಲ ಪ್ರಶ್ನೆಗೆ ಸುಮ್ಮನಿದ್ದಳು. ಎರಡನೆಯದಕ್ಕೂ ಸುಮ್ಮನಿದ್ದಳು. ಮೂರನೆಯದು ಪವಿತ್ರಾತ್ಮರ ಬಗ್ಗೆ, ಪಾಪಗಳ ಕ್ಷಮೆಯ ಬಗ್ಗೆ, ಸತ್ತವರ ಪುನರುತ್ಥಾನದ ಬಗ್ಗೆ, ನಿತ್ಯಜೀವದ ಬಗ್ಗೆ. ಅದಕ್ಕೆ 'ವಿಶ್ವಾಸಿಸುತ್ತೇನೆ' ಎಂದಳು. ಎಲ್ಲರೂ ಹೇಳಿ ಮುಗಿಸಿದ ಮೇಲೆ, ಸ್ವಲ್ಪ ತಡವಾಗಿ, ಒಬ್ಬಳೇ. ಮುಂದಿನ ಬೆಂಚಿನವರು ತಿರುಗಿ ನೋಡಿದರು. ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಬಂದದ್ದು ಅದಾದ ಎರಡನೇ ದಿನ. ತಂಗಿ ಫೋನ್ ಮಾಡಿ, 'ಆಂಟಿ, ಅವರ ಆತ್ಮಕ್ಕೆ ಇವತ್ತು ಜಪಸರ ನಾನೇ ನಡೆಸ್ತೀನಿ, ಬನ್ನಿ' ಅಂದಳು.

ಈಗ ಎಲ್ಲಿಗೆ ಬಂದಿದೆ

ತಂಗಿ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ, ಹಗಲು ಪಾಳಿ ಮಾತ್ರ. ಮಾತ್ರೆ ಇನ್ನೂ ಇದೆ, ಡಾಕ್ಟರ್ ಪ್ರಮಾಣ ಇಳಿಸಿದ್ದಾರೆ. ಮೇ ತಿಂಗಳು ಬಂದರೆ ಈಗಲೂ ನಿದ್ದೆ ಕೆಡುತ್ತದೆ. ಅಮ್ಮನಿಗೆ ಇಷ್ಟವಾಗಿದ್ದ ಒಂದು ಹಾಡನ್ನು ಚರ್ಚಿನಲ್ಲಿ ಹಾಡಿದರೆ ಎದ್ದು ಹೊರಗೆ ಹೋಗುತ್ತಾಳೆ. ಫಾದರ್ ಕೊಡದ ಉತ್ತರ ಇವತ್ತಿಗೂ ಸಿಕ್ಕಿಲ್ಲ. 'ಸಿಕ್ಕಿಲ್ಲ ಅಂತ ಅವರಿಗೇ ಹೇಳ್ತಾ ಇರ್ತೀನಿ' ಅನ್ನುತ್ತಾಳೆ, ಅವರು ಅಂದರೆ ದೇವರು. ನಮ್ಮ ಭೇಟಿ ಗುಂಪಿಗೂ ಬರುತ್ತಾಳೆ. ಸಾವಾದ ಮನೆಯಲ್ಲಿ ಆಕೆ ಮೊದಲು ಹೋಗುವುದು ಅಡುಗೆಮನೆಗೆ, ಬೆಳಗಿನಿಂದ ಯಾರ್ಯಾರು ಊಟ ಮಾಡಿಲ್ಲ ಎಂದು ವಿಚಾರಿಸಲು.

ಹರಕೆಯ ದುಡ್ಡನ್ನು ಒಬ್ಬಳೇ ಹಾಕುವುದು ಸರಿಯಲ್ಲ ಎಂದು 2025ರ ಜೂನ್‌ನಲ್ಲಿ ಅಣ್ಣನಿಗೆ ಫೋನ್ ಮಾಡಿದಳು. ಹಬ್ಬದ ದಿನ ಅವನು ಬೇರೆ ಬಸ್ಸಿನಲ್ಲಿ ದೋರನಹಳ್ಳಿಗೆ ಬಂದ. ನೋಟನ್ನು ಅಣ್ಣ, ನಾಣ್ಯವನ್ನು ತಂಗಿ ಹುಂಡಿಗೆ ಹಾಕಿದರು. ವಾಪಸ್ ಬರುವಾಗ ಒಂದೇ ಬಸ್ಸು. ತಂಗಿಯ ಮಗಳ ಓದಿನ ಬಗ್ಗೆ ಅವನು, ಅತ್ತಿಗೆಯ ಶುಗರ್ ಬಗ್ಗೆ ಅವಳು ವಿಚಾರಿಸಿದರಂತೆ. ಆ ಬೆಡ್ಡಿನ ಮಾತನ್ನು ಇಬ್ಬರೂ ಇನ್ನೂ ಎತ್ತಿಲ್ಲ. ಎತ್ತಬೇಕು ಅನ್ನಿಸಿದ ದಿನ ಹೇಳಿ, ಜೊತೆಗೆ ನಾನೂ ಕೂರುತ್ತೇನೆ ಎಂದು ಫಾದರ್ ಇಬ್ಬರಿಗೂ ಹೇಳಿಟ್ಟಿದ್ದಾರೆ.